ಸಣ್ಣಗಿದ್ದೀರಿ, ವಯಸ್ಸೂ ಕಡಿಮೆ: ಶುಗರ್ ಪರೀಕ್ಷೆ ಮಾಡಿಸಿಕೊಳ್ಳುವ ದಾರಿ

ಆಷಾಢದ ಮಳೆ ಹಿಡಿದರೆ ಮಲೆನಾಡಿನಲ್ಲಿ ಯಾರಿಗೂ ಬಾಯಾರಿಕೆ ಆಗುವುದಿಲ್ಲ. ಕಂಬಳಿ ಹೊದ್ದು ಒಲೆ ಮುಂದೆ ಕೂತು ಒಂದು ಲೋಟ ಬಿಸಿ ಕಾಫಿ ಕುಡಿದರೆ ಸಾಕು. ಅಂಥ ಮಳೆಯಲ್ಲಿ ನಾನು ಹಾಸಿಗೆ ಪಕ್ಕ ಎರಡು ಲೀಟರಿನ ಬಾಟಲಿ ಇಟ್ಟುಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಏಳುವಾಗ ಅದು ಖಾಲಿ. ನಡುವೆ ಐದಾರು ಸಲ ಎದ್ದು, ಟಾರ್ಚ್ ಹಿಡಿದು ಹಿತ್ತಲ ಬಚ್ಚಲಿಗೆ ಹೋಗುತ್ತಿದ್ದೆ. ಆಗ ನನಗೆ 26 ವರ್ಷ. 48 ಕಿಲೋ ಇದ್ದ ತೂಕ ಎರಡು ತಿಂಗಳಲ್ಲಿ 41ಕ್ಕೆ ಬಂದಿತ್ತು.

ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಸಿಕ್ಕಿತು. "ಥಂಡಿ ಅಲ್ವಾ, ಅದಕ್ಕೇ ಜಾಸ್ತಿ ಹೋಗುತ್ತೆ" ಅಂದರು ಅಪ್ಪಯ್ಯ. ಅಜ್ಜಿ "ಉಷ್ಣ ಆಗಿದೆ" ಅಂತ ದಿನಕ್ಕೆರಡು ಲೋಟ ಜೀರಿಗೆ ಕಷಾಯ ಕೊಟ್ಟರು, ಕೈತುಂಬ ಬೆಲ್ಲ ಹಾಕಿ. ಪಕ್ಕದ ಮನೆಯವರು ದೃಷ್ಟಿ ತೆಗೆದರು. ಪೇಟೆಯ ಒಬ್ಬ ಡಾಕ್ಟರು ರಕ್ತ ಕಮ್ಮಿ ಅಂತ ಟಾನಿಕ್ ಬರೆದರು. ಇನ್ನೊಬ್ಬರ ಹತ್ತಿರ ನಾನೇ ಬಾಯಿಬಿಟ್ಟು "ಶುಗರ್ ಇರಬಹುದಾ ಡಾಕ್ಟ್ರೇ" ಅಂತ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಮೈಗೆ ಶುಗರ್ ಎಲ್ಲಿಂದ ಬರುತ್ತಮ್ಮಾ" ಅಂದರು. ರಕ್ತ ತೆಗೆಯಲಿಲ್ಲ.

ಕೊನೆಗೆ ಗಮನಿಸಿದ್ದು ಅಮ್ಮ. ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲು ಕಟ್ಟಿತ್ತು. ಮರುದಿನ ಮೊದಲ ಬಸ್ಸಿಗೇ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ಬರುವ ಮೊದಲೇ ನಾನು ಎದ್ದು ಹೋಗಿ ಬಸ್ ನಿಲ್ಲಿಸಿ ಅಂತ ಕಂಡಕ್ಟರಿಗೆ ಹೇಳಬೇಕಾಯಿತು. ಗಾಜನೂರಿನ ಹತ್ತಿರ ಮತ್ತೊಂದು ಸಲ. ಸುರಿಯುವ ಮಳೆಯಲ್ಲಿ ಅಮ್ಮ ಕೊಡೆಯನ್ನು ಅಡ್ಡ ಹಿಡಿದು ನನಗೆ ಮರೆಯಾಗಿ ನಿಂತಿದ್ದರು. ಅವತ್ತು ಲ್ಯಾಬಿನ ಚೀಟಿಯಲ್ಲಿ ಬಂದ ಸಂಖ್ಯೆ 412.

ನಾನು ಡಾಕ್ಟರ್ ಅಲ್ಲ. ಒಂಬತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಆ ಎರಡು ತಿಂಗಳಲ್ಲಿ ಏನು ಮಾಡಬೇಕಿತ್ತು ಅನ್ನೋದನ್ನ ಆಮೇಲೆ ಒಂದೊಂದಾಗಿ ಕಲಿತೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೈ ನೋಡಿ ಶುಗರ್ ಇಲ್ಲ ಅಂತ ಯಾರೂ ಹೇಳಲಾರರು, ರಕ್ತ ನೋಡಿಯೇ ಹೇಳಬೇಕು. ಆ ಸಂಖ್ಯೆ ನಿಮ್ಮ ಕೈಗೆ ಬರುವ ತನಕ ಬಿಡಬೇಡಿ.

ಇವತ್ತೇ ಹೊರಡಬೇಕಾದವರು

ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವುದು ಇವುಗಳ ಜೊತೆಗೆ ವಾಂತಿ ಶುರುವಾಗಿದ್ದರೆ, ಹೊಟ್ಟೆನೋವು ಬಂದಿದ್ದರೆ, ಓಡಿ ಬಂದವರ ಹಾಗೆ ಜೋರಾಗಿ ಉಸಿರಾಡುತ್ತಿದ್ದರೆ, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿದ್ದರೆ, ಮಂಪರು ಕವಿಯುತ್ತಿದ್ದರೆ ಮುಂದೆ ಓದುತ್ತಾ ಕೂರಬೇಡಿ. ಇನ್ಸುಲಿನ್ ಸಾಲದೆ ಮೈಯಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿಕೊಂಡಾಗ ಹೀಗಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಸುಮ್ನೆ ಅಜೀರ್ಣ, ಪಿತ್ತ ಅಂದುಕೊಂಡು ರಾತ್ರಿ ಕಳೆಯಬಾರದು.

108ಕ್ಕೆ ಫೋನ್ ಮಾಡಿ. ನಮ್ಮ ಕಡೆ ಮಳೆಗಾಲದಲ್ಲಿ ದಾರಿ ನಂಬುವ ಹಾಗಿಲ್ಲ. ಮರ ಬಿದ್ದಿರುತ್ತದೆ, ಘಾಟಿಯಲ್ಲಿ ಮಣ್ಣು ಕುಸಿದಿರುತ್ತದೆ. ಆದ್ದರಿಂದ ಆಂಬುಲೆನ್ಸಿಗೆ ಕಾಯುತ್ತಲೇ ಹತ್ತಿರದಲ್ಲಿ ಜೀಪು, ಕಾರು ಯಾವುದಿದೆ ಅಂತಲೂ ನೋಡಿಕೊಳ್ಳಿ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ಡ್ರಿಪ್ ಅಲ್ಲೇ ಶುರುವಾಗಲಿ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮತ್ತೆಲ್ಲಿಗೋ ಕಳಿಸಬೇಕಾ ಅಂತ ಅವರೇ ನಿರ್ಧರಿಸುತ್ತಾರೆ. ಬಾಗಿಲಲ್ಲೇ "ಶುಗರ್ ಇರಬಹುದು ಅಂತ ಅನುಮಾನ ಇದೆ, ಈಗಲೇ ಬೆರಳು ಚುಚ್ಚಿ ನೋಡಿ" ಅನ್ನಿ. ಹೊಟ್ಟೆನೋವು ಅಂತಷ್ಟೇ ಹೇಳಿದರೆ ಬೇರೆ ಸಾಲಿನಲ್ಲಿ ಕೂರಿಸಿಬಿಡಬಹುದು.

ಮನೆಯಲ್ಲೇ ಬರೆದಿಟ್ಟುಕೊಳ್ಳುವುದು

ಇಷ್ಟು ಜೋರಿಲ್ಲ, ಆದರೂ ಅನುಮಾನ ಇದೆ ಅನ್ನುವವರು ಒಂದು ಹಾಳೆ ತೆಗೆದುಕೊಳ್ಳಿ. ರಾತ್ರಿ ಎಷ್ಟು ಸಲ ಎದ್ದಿರಿ, ದಿನಕ್ಕೆ ಎಷ್ಟು ಬಾಟಲಿ ನೀರು ಕುಡಿದಿರಿ ಅಂತ ತಾರೀಖು ಹಾಕಿ ಬರೆಯಿರಿ. ತೂಕ ಬರೆಯಿರಿ. ಹಳೆಯ ತೂಕ ನೆನಪಿಲ್ಲದಿದ್ದರೆ ಹೋದ ವರ್ಷದ ಯಾವುದಾದರೂ ಆಸ್ಪತ್ರೆ ಚೀಟಿ ಹುಡುಕಿ, ಮೂಲೆಯಲ್ಲಿ ಬರೆದಿರುತ್ತಾರೆ. "ಸ್ವಲ್ಪ ಸಣ್ಣ ಆಗಿದ್ದೀನಿ" ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. "ಎರಡು ತಿಂಗಳಲ್ಲಿ ಏಳು ಕಿಲೋ" ಅಂದರೆ ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಥಂಡಿಗೆ ಮೂತ್ರ ಜಾಸ್ತಿ ಹೋಗುವುದು ನಿಜ. ಆದರೆ ಥಂಡಿಗೆ ಬಾಯಾರುವುದಿಲ್ಲ. ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಬಂದರೆ ಹವಾಮಾನದ ಮೇಲೆ ಹಾಕಬೇಡಿ.

ಇನ್ನು ಕೆಲವು ಲಕ್ಷಣಗಳನ್ನು ಜನ ಹೇಳಲು ನಾಚುತ್ತಾರೆ. ಹೆಣ್ಣುಮಕ್ಕಳಿಗೆ ಪದೇಪದೇ ಬಿಳಿಸೆರಗು, ಕೆಳಗೆ ತುರಿಕೆ. ಗಂಡಸರಿಗೆ ಮುಂದೊಗಲಿನಲ್ಲಿ ಉರಿ, ಬಿರುಕು. ಮುಲಾಮು ಹಚ್ಚಿದಾಗ ವಾಸಿಯಾಗಿ ಮತ್ತೆ ಬರುತ್ತಿದ್ದರೆ ಅದನ್ನೂ ಬರೆಯಿರಿ. ದೂರದ ಬೋರ್ಡ್ ಇದ್ದಕ್ಕಿದ್ದಂತೆ ಮಂಜಾಗುವುದು, ತೋಟದಲ್ಲಿ ಕಾಲಿಗೆ ತಾಗಿದ ಗಾಯ ಮಾಯದಿರುವುದು, ತಿಂದಷ್ಟೂ ಹಸಿವು, ಇವೂ ಸೇರಲಿ.

ಮನೆತನದ ವಿಷಯ ಕೇಳಿ ಬರೆದುಕೊಳ್ಳಿ. ಅಪ್ಪ, ಅಮ್ಮ, ಅವರ ಅಪ್ಪ ಅಮ್ಮ, ಅಣ್ಣ ತಮ್ಮ ಅಕ್ಕ ತಂಗಿಯರು. ಯಾರಿಗೆ ಶುಗರ್ ಇತ್ತು ಅನ್ನುವುದರಷ್ಟೇ ಮುಖ್ಯ ಅದು ಯಾವ ವಯಸ್ಸಿಗೆ ಬಂತು ಅನ್ನುವುದು, ಅವರೂ ಸಣ್ಣಗಿದ್ದರಾ ಅನ್ನುವುದು. ಇದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ಕೊನೆಗೆ ನೀವು ತೆಗೆದುಕೊಳ್ಳುವ ಔಷಧಿಗಳ ಪಟ್ಟಿ. ದಮ್ಮಿಗೆ, ಚರ್ಮಕ್ಕೆ, ಕೀಲುನೋವಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಸಕ್ಕರೆ ಏರಿಸುತ್ತವೆ. ಹೆಸರಿಲ್ಲದ ಪುಡಿ, ಗುಳಿಗೆ ಯಾರಾದರೂ ಕೊಟ್ಟಿದ್ದರೆ ಅದರ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ.

ಇರುವೆಯ ಬಗ್ಗೆ ಒಂದು ಮಾತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೇ ಮೂತ್ರಕ್ಕೆ ಇಳಿಯುವುದು. ಇರುವೆ ಮುತ್ತಿದರೆ ತಪ್ಪದೆ ಪರೀಕ್ಷೆ ಮಾಡಿಸಿ. ಮುತ್ತಲಿಲ್ಲ ಅಂತ ನೆಮ್ಮದಿಯಾಗಿ ಕೂರಬೇಡಿ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಮೊದಲ ಪರೀಕ್ಷೆಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರ ಇರುತ್ತದೆ.

ಒಂದು ತೊಡಕಿದೆ. ಸರ್ಕಾರದ ಬಿಪಿ, ಶುಗರ್ ತಪಾಸಣೆ ಇರುವುದು 30 ವರ್ಷ ದಾಟಿದವರಿಗೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುವಾಗ ಅಪ್ಪ ಅಮ್ಮನ ಹೆಸರು ಬರೆದುಕೊಳ್ಳುತ್ತಾರೆ. 22ರ ಹುಡುಗ, 26ರ ಹುಡುಗಿ ಆ ಪಟ್ಟಿಯಲ್ಲೇ ಇರುವುದಿಲ್ಲ. ಅದು ಲಕ್ಷಣ ಇಲ್ಲದವರನ್ನು ಹುಡುಕಿ ಹಿಡಿಯುವ ಕಾರ್ಯಕ್ರಮ. ಲಕ್ಷಣ ಇರುವವರಿಗೆ ವಯಸ್ಸಿನ ಗೆರೆ ಇಲ್ಲ. "ನಿಮಗಿನ್ನೂ 30 ಆಗಿಲ್ಲ" ಅಂದರೆ, "ತಪಾಸಣೆಗೆ ಬಂದಿಲ್ಲ ಮೇಡಂ, ನನಗೆ ತೊಂದರೆ ಇದೆ" ಅಂತ ಮೆತ್ತಗೆ ಹೇಳಿ ಹಾಳೆ ತೋರಿಸಿ.

ಡಾಕ್ಟರ ಮುಂದೆ ಏನು ಹೇಳಬೇಕು ಅಂತ ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ನಾನು ತಡವರಿಸಿದ್ದರಿಂದಲೇ ಟಾನಿಕ್ ಹಿಡಿದು ಮನೆಗೆ ಬಂದದ್ದು. ಈಗ ಯಾರಾದರೂ ಕೇಳಿದರೆ ಹೀಗೆ ಹೇಳಿಕೊಡುತ್ತೇನೆ: "ಡಾಕ್ಟ್ರೇ, ಎರಡು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದೇನೆ. ರಾತ್ರಿ ಐದು ಸಲ ಏಳ್ತೀನಿ, ಬಾಯಾರಿಕೆ ನಿಲ್ಲೋದಿಲ್ಲ. ಇವತ್ತೇ ರಕ್ತದ ಶುಗರ್, ಮೂತ್ರದಲ್ಲಿ ಕೀಟೋನ್ ನೋಡಿಬಿಡೋಣವಾ?" ರೋಗದ ಹೆಸರು ಹೇಳಿ ವಾದಕ್ಕೆ ಇಳಿಯಬೇಡಿ. ಪರೀಕ್ಷೆ ಕೇಳಿ.

ಬೇಡ ಅಂದರೆ ಕಾರಣ ಕೇಳಿ, ಅದನ್ನು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಕೇಳಿದ ಮೇಲೆ ಎಷ್ಟೋ ಸಲ ಪರೀಕ್ಷೆಯನ್ನೇ ಬರೆದುಕೊಡುತ್ತಾರೆ. ಆಗಲೂ ಇಲ್ಲ ಅಂದರೆ ನೇರ ಲ್ಯಾಬಿಗೆ ಹೋಗಿ ದುಡ್ಡು ಕೊಟ್ಟು ಶುಗರ್ ಮಾಡಿಸಿ. ಅದು ಇರುವ ಪರೀಕ್ಷೆಗಳಲ್ಲೇ ಅಗ್ಗದ್ದು. ಮನೆಯಿಂದ ಹೊರಡಲಾಗದವರಿಗೆ ಸರ್ಕಾರದ ಇ-ಸಂಜೀವನಿಯಲ್ಲಿ ಫೋನಿನಲ್ಲೇ ಡಾಕ್ಟರ್ ಸಿಗುತ್ತಾರೆ, ದುಡ್ಡಿಲ್ಲ. ಪರೀಕ್ಷೆಗಳನ್ನು ಅವರಿಂದಲೂ ಬರೆಸಿಕೊಳ್ಳಬಹುದು.

ಸಂಖ್ಯೆಗಳನ್ನು ಓದುವುದು

ಕನಿಷ್ಠ 8 ತಾಸು ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಗಡಿ. 126 ಅಥವಾ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆಯ ಲೆಕ್ಕ. ಎಚ್‌ಬಿಎ1ಸಿ ಅನ್ನುವುದು ಹೆಚ್ಚುಕಡಿಮೆ ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಅದು 5.7ಕ್ಕಿಂತ ಕಡಿಮೆ ಸರಿ, 6.4ರ ತನಕ ಗಡಿ, 6.5 ಮುಟ್ಟಿದರೆ ಕಾಯಿಲೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ನಂತರ ನೋಡುವ ಪರೀಕ್ಷೆಯಲ್ಲಿ 200 ಗೆರೆ. ಲಕ್ಷಣ ಸ್ಪಷ್ಟವಾಗಿದ್ದು, ಯಾವ ಹೊತ್ತಿನಲ್ಲಾದರೂ ತೆಗೆದ ರಕ್ತದಲ್ಲಿ 200 ಅಥವಾ ಜಾಸ್ತಿ ಇದ್ದರೆ ಅದೊಂದೇ ಸಾಕು. ಲಕ್ಷಣ ಇಲ್ಲದಿದ್ದರೆ ಮಾತ್ರ ಎರಡು ಫಲಿತಾಂಶ ಬೇಕು. ಒಂದೇ ದಿನ ತೆಗೆದ ರಕ್ತದಲ್ಲಿ ಖಾಲಿ ಹೊಟ್ಟೆಯದ್ದೂ ಎಚ್‌ಬಿಎ1ಸಿಯೂ ಗೆರೆ ದಾಟಿದ್ದರೆ ಅದನ್ನೇ ಎರಡು ಅಂತ ಹಿಡಿಯಬಹುದು.

ನಮ್ಮ ಕಡೆ "ತಿಂಡಿ ತಿಂದು ಎರಡು ತಾಸು ಬಿಟ್ಟು ಬನ್ನಿ" ಅನ್ನುವುದೇ ರೂಢಿ. ಒಬ್ಬರು ಎರಡು ಕಡುಬು ತಿಂದಿರುತ್ತಾರೆ, ಇನ್ನೊಬ್ಬರು ಐದು. ಕಾಯಿಲೆ ಇದೆ ಅಂತ ಗೊತ್ತಾದವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಇದೆಯಾ ಇಲ್ಲವಾ ಅಂತ ತೀರ್ಮಾನಿಸಲು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯೇ ಸರಿ. ಅದಕ್ಕೆ ಹೋಗುವ ಮೊದಲಿನ ಮೂರು ದಿನ ಪಥ್ಯ ಮಾಡಬೇಡಿ. ಅನ್ನ, ರೊಟ್ಟಿ ಎಂದಿನ ಹಾಗೇ ತಿನ್ನಿ. ಹೆದರಿ ಅನ್ನ ಬಿಟ್ಟು ಹೋದರೆ ಫಲಿತಾಂಶ ತಪ್ಪು ಬರಬಹುದು.

ಎಚ್‌ಬಿಎ1ಸಿ ಒಂದನ್ನೇ ನಂಬಿಕೊಂಡರೂ ಕಷ್ಟ. ಕಬ್ಬಿಣದ ಅಂಶ ಕಮ್ಮಿಯಾಗಿ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆ ಇದ್ದರೆ ಕಮ್ಮಿ ತೋರಿಸುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಕೂಡ ಅದೇ ದಿನ ನೋಡಿಸಿ. ಇನ್ನೊಂದು ಸಂಗತಿ ಹರೆಯದವರಿಗೆ ಮುಖ್ಯ. ಕಾಯಿಲೆ ಮೂರ್ನಾಲ್ಕು ವಾರದಲ್ಲಿ ರಭಸದಿಂದ ಬಂದಿದ್ದರೆ ಮೂರು ತಿಂಗಳ ಸರಾಸರಿ ಇನ್ನೂ ಏರಿರುವುದಿಲ್ಲ. "ಎಚ್‌ಬಿಎ1ಸಿ ಗಡಿಯಲ್ಲಿದೆ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಅಂಥವರನ್ನು ಕಳಿಸಿಬಿಟ್ಟರೆ ಅನಾಹುತ. ಲಕ್ಷಣ ಇದ್ದಾಗ ಅವತ್ತಿನ ಸಕ್ಕರೆಯೇ ಮುಖ್ಯ.

ಲ್ಯಾಬಿನಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಸಕ್ಕರೆಗೆ ತೆಗೆಯುವ ರಕ್ತವನ್ನು ಸಾಮಾನ್ಯವಾಗಿ ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಬೇರೆ ಟ್ಯೂಬಿನಲ್ಲಿಟ್ಟರೆ ರಕ್ತಕಣಗಳೇ ಸಕ್ಕರೆ ತಿನ್ನುತ್ತಾ ಹೋಗುತ್ತವೆ, ಗಂಟೆಗಂಟೆಗೆ ಸಂಖ್ಯೆ ಇಳಿಯುತ್ತದೆ. ನಮ್ಮ ಹಳ್ಳಿ ಕಡೆ ಬೆಳಿಗ್ಗೆ ರಕ್ತ ತೆಗೆದು ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗಕ್ಕೆ ಕಳಿಸುವುದುಂಟು. "ಸ್ಯಾಂಪಲ್ ಎಷ್ಟು ಹೊತ್ತಿಗೆ ಪರೀಕ್ಷೆ ಆಗುತ್ತೆ?" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಆದಷ್ಟೂ ಅಲ್ಲೇ ಯಂತ್ರ ಇರುವ ಲ್ಯಾಬಿನಲ್ಲಿ ಕೊಡಿ.

ಮನೆಯಲ್ಲಿ ಅಜ್ಜನದ್ದೋ ಅಜ್ಜಿಯದ್ದೋ ಗ್ಲೂಕೋಮೀಟರ್ ಇದ್ದರೆ ನೋಡಿಕೊಳ್ಳಿ, ಆದರೆ ಅದರಿಂದಲೇ ತೀರ್ಮಾನ ಬೇಡ. ಆ ಯಂತ್ರದಲ್ಲಿ ನೂರಕ್ಕೆ ಹದಿನೈದರಷ್ಟು ಆಚೀಚೆ ಆಗುವುದು ಸಹಜ. ನಮ್ಮಲ್ಲಿ ಇನ್ನೂ ಎರಡು ತೊಂದರೆ ಇದೆ. ಮಳೆಗಾಲದ ತೇವಕ್ಕೆ ಸ್ಟ್ರಿಪ್ ಹಾಳಾಗುತ್ತದೆ. ಡಬ್ಬಿಯಿಂದ ಒಂದು ತೆಗೆದ ತಕ್ಷಣ ಮುಚ್ಚಳ ಬಿಗಿಯಾಗಿ ಹಾಕಬೇಕು, ಬಿಡಿಯಾಗಿ ಹೊರಗೆ ಇಡಬಾರದು. ಎರಡನೆಯದು ಕೈ. ನನ್ನ ತಮ್ಮನಿಗೆ ಒಮ್ಮೆ 260 ತೋರಿಸಿ ಮನೆಮಂದಿಯೆಲ್ಲ ಕಂಗಾಲಾದೆವು. ದೋಸೆಗೆ ಜೋನಿ ಬೆಲ್ಲ ನೆಂಚಿಕೊಂಡು ತಿಂದವನು ಬೆರಳನ್ನು ಪಂಚೆಗೆ ಒರೆಸಿ ಚುಚ್ಚಿಕೊಂಡಿದ್ದ. ಸೋಪು ಹಚ್ಚಿ ಕೈ ತೊಳೆದು, ಪೂರ್ತಿ ಒಣಗಿಸಿ ಮತ್ತೆ ನೋಡಿದರೆ 118.

ಇದೆ ಅಂತಾಯಿತು. ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವಿದೆ. 412 ಬಂದ ಮೇಲೆ ಯಾರೂ ಯಾವ ಟೈಪ್ ಅಂತ ಹೇಳಲಿಲ್ಲ. ನನಗೂ ಕೇಳಲು ಗೊತ್ತಿರಲಿಲ್ಲ. ಮಾತ್ರೆ ಕೊಟ್ಟರು. ಐದು ತಿಂಗಳು ನುಂಗಿದೆ. ಸಕ್ಕರೆ ಸ್ವಲ್ಪ ಇಳಿದು ಮತ್ತೆ ಏರಿತು, ತೂಕ 39ಕ್ಕೆ ಬಂತು. ಹೋದಾಗೆಲ್ಲ "ಪಥ್ಯ ಸರಿಯಾಗಿ ಮಾಡ್ತಿಲ್ಲ" ಅನ್ನುತ್ತಿದ್ದರು. ಆಗ ನಾನು ಬೆಳಿಗ್ಗೆ ಒಂದು ಅಕ್ಕಿ ರೊಟ್ಟಿ, ಮಧ್ಯಾಹ್ನ ಒಂದು ಸೌಟು ಅನ್ನ ತಿಂದು ಹಸಿದುಕೊಂಡೇ ಮಲಗುತ್ತಿದ್ದೆ. ಹಾರ್ಮೋನ್ ತಜ್ಞರೊಬ್ಬರು ಎರಡು ಪರೀಕ್ಷೆ ಬರೆದುಕೊಟ್ಟ ಮೇಲೆ ಗೊತ್ತಾದದ್ದು ಟೈಪ್ 1 ಅಂತ. ನನ್ನ ಮೈಯಲ್ಲಿ ಇನ್ಸುಲಿನ್ನೇ ತಯಾರಾಗುತ್ತಿರಲಿಲ್ಲ. ಪಥ್ಯದಿಂದ ಆಗುವ ಕೆಲಸವೇ ಆಗಿರಲಿಲ್ಲ ಅದು.

ಟೈಪ್ 1 ಮಕ್ಕಳ ಕಾಯಿಲೆ ಅನ್ನೋದು ಹಳೆಯ ಮಾತು. ಇಪ್ಪತ್ತರಲ್ಲಿ, ಮೂವತ್ತರಲ್ಲಿ, ಅದಕ್ಕೂ ಆಚೆ ಬರುತ್ತದೆ. ದೊಡ್ಡವರಲ್ಲಿ ಅದು ನಿಧಾನವಾಗಿ ಬರಬಹುದು. ಮೊದಮೊದಲು ಮಾತ್ರೆಗೆ ಬಗ್ಗಿದ ಹಾಗೆ ಕಾಣುತ್ತದೆ, ಆಮೇಲೆ ಕೈಕೊಡುತ್ತದೆ. ಅದನ್ನು ಲಾಡಾ ಅನ್ನುತ್ತಾರೆ.

ಇನ್ಸುಲಿನ್ ಇದ್ದೂ ಮೈ ಅದಕ್ಕೆ ಸರಿಯಾಗಿ ಬಗ್ಗದಿರುವುದು ಟೈಪ್ 2. ಸಣ್ಣಗಿದ್ದವರಿಗೆ ಅದು ಬರುವುದೂ ನಮ್ಮಲ್ಲಿ ಅಪರೂಪವಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋ ಪಕ್ಕಪಕ್ಕ ಇಟ್ಟು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಮೈಯಲ್ಲಿ ಕೊಬ್ಬು ನೋಡಿದರೆ ಯಾಜ್ಞಿಕ್ ಅವರಿಗೆ ನೂರಕ್ಕೆ 21.2, ಯುಡ್ಕಿನ್ ಅವರಿಗೆ 9.1. ಕೈಕಾಲು ತೆಳ್ಳಗಿದ್ದೂ ಹೊಟ್ಟೆಯೊಳಗೆ ಕೊಬ್ಬು ಕೂತಿರಬಹುದು ಅಂತ ಇದರ ಅರ್ಥ. ಅದಕ್ಕೇ ನಮ್ಮ ಜನಕ್ಕೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ ಅಂತ ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ಮನೆಯಲ್ಲಿ ತಲೆತಲಾಂತರದಿಂದ, 25ಕ್ಕೂ ಮೊದಲೇ, ದಪ್ಪ ಇಲ್ಲದವರಿಗೆ ಶುಗರ್ ಬರುತ್ತಿದ್ದರೆ ಮೋಡಿ (MODY) ಅನ್ನುವ ಬಗೆ ಇರಬಹುದು. ಒಂದೇ ವಂಶವಾಹಿಯ ದೋಷದಿಂದ ಬರುವುದು ಅದು. ಅದರಲ್ಲೂ ಕೆಲವು ಬಗೆಗೆ ಹಳೆಯ, ಅಗ್ಗದ ಮಾತ್ರೆಯೇ ಚೆನ್ನಾಗಿ ಕೆಲಸ ಮಾಡುತ್ತದೆ, ಇನ್ನೊಂದು ಬಗೆಗೆ ಸಾಮಾನ್ಯವಾಗಿ ಔಷಧಿಯೇ ಬೇಕಾಗುವುದಿಲ್ಲ. ಮೊದಲೇ ಬರೆದಿಟ್ಟ ಮನೆತನದ ಹಾಳೆ ಕೆಲಸಕ್ಕೆ ಬರುವುದು ಇಲ್ಲಿ. ವರ್ಷಗಟ್ಟಲೆ ಹೊಟ್ಟೆನೋವು, ಎಣ್ಣೆ ಜಿಡ್ಡಿನಂತೆ ತೇಲುವ ಮಲ ಇದ್ದರೆ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡಬೇಕು.

ಚಿಕ್ಕಂದಿನಿಂದ ಅರೆಹೊಟ್ಟೆಯಲ್ಲಿ ಬೆಳೆದವರಿಗೆ ಬರುವ ಇನ್ನೊಂದು ಬಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿ, 1999ರಲ್ಲಿ ತೆಗೆದುಹಾಕಿತ್ತು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಅದಕ್ಕೆ ಟೈಪ್ 5 ಅಂತ ಹೆಸರು ಕೊಟ್ಟಿತು. ಬಡವರ ಮನೆಯ ಸಣಕಲು ಮಕ್ಕಳನ್ನು ಇಷ್ಟು ವರ್ಷ ಯಾವ ಪಟ್ಟಿಗೂ ಸೇರಿಸದೆ ಬಿಟ್ಟದ್ದು ನೆನೆದರೆ ನನಗೆ ಸಂಕಟ ಆಗುತ್ತದೆ.

ಹಾಗಾದರೆ ಏನು ಕೇಳಬೇಕು? ಎರಡು ಪರೀಕ್ಷೆ. ಒಂದು, ಜಿಎಡಿ ಆ್ಯಂಟಿಬಾಡಿ. ನಮ್ಮ ಮೈಯೇ ಇನ್ಸುಲಿನ್ ಮಾಡುವ ಕಣಗಳ ಮೇಲೆ ತಿರುಗಿಬಿದ್ದಿದೆಯಾ ಅಂತ ಅದರಲ್ಲಿ ತಿಳಿಯುತ್ತದೆ. ಇದೆ ಅಂತ ಬಂದರೆ ಟೈಪ್ 1 ಕಡೆಗೆ ಗಟ್ಟಿ ಸಾಕ್ಷಿ. ಇಲ್ಲ ಅಂತ ಬಂದರೆ ಟೈಪ್ 1 ಅಲ್ಲವೇ ಅಲ್ಲ ಅನ್ನುವ ಹಾಗಿಲ್ಲ. ಆಗ ಐಎ-2 ಮುಂತಾದ ಬೇರೆ ಆ್ಯಂಟಿಬಾಡಿ ನೋಡಬಹುದಾ ಅಂತ ಕೇಳಿ. ಎರಡು, ಸಿ-ಪೆಪ್ಟೈಡ್. ಮೈಯಲ್ಲಿ ಸ್ವಂತ ಇನ್ಸುಲಿನ್ ಎಷ್ಟು ಉಳಿದಿದೆ ಅಂತ ಇದು ಹೇಳುತ್ತದೆ. ಅದೇ ಹೊತ್ತಿನಲ್ಲಿ ಸಕ್ಕರೆಯನ್ನೂ ನೋಡಿರಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಸಕ್ಕರೆ ಮುನ್ನೂರು, ನಾನೂರು ಇರುವಾಗ ಸಿ-ಪೆಪ್ಟೈಡ್ ತಾತ್ಕಾಲಿಕವಾಗಿ ಕಮ್ಮಿ ಬರುವುದುಂಟು. ಹಾಗಾಗಿ ಸಕ್ಕರೆ ಹತೋಟಿಗೆ ಬಂದ ಮೇಲೆ ಮತ್ತೆ ಮಾಡಿಸಬೇಕಾಗಬಹುದು. ಇವು ಸ್ವಲ್ಪ ದುಬಾರಿ, ಎಲ್ಲ ಲ್ಯಾಬಿನಲ್ಲೂ ಆಗುವುದಿಲ್ಲ, ಹೊರಗೆ ಕಳಿಸುತ್ತಾರೆ. ವರದಿ ಬರುವ ತನಕ ಚಿಕಿತ್ಸೆ ನಿಲ್ಲಿಸಿ ಕಾಯಬಾರದು.

ಅಷ್ಟರೊಳಗೆ ಮಾತ್ರೆ ಕೊಟ್ಟರೆ ಹೆಸರು ನೋಡಿ. ಕೊನೆಯಲ್ಲಿ "ಗ್ಲಿಫ್ಲೋಜಿನ್" ಅಂತ ಇದ್ದರೆ, "ನನಗೆ ಟೈಪ್ 1 ಇರಬಹುದು ಅಂತ ಅನುಮಾನ ಇರುವಾಗ ಇದು ಸರಿನಾ?" ಅಂತ ಕೇಳಿ. ಇನ್ಸುಲಿನ್ ಕೊರತೆ ಇರುವವರಲ್ಲಿ ಅದು ಕೀಟೋನ್ ಏರಿಸಬಹುದು, ಸಕ್ಕರೆ ಅಷ್ಟೇನೂ ಜಾಸ್ತಿ ಇಲ್ಲದಾಗಲೂ.

ತಜ್ಞರನ್ನು ನೋಡಲು ಮೆಗ್ಗಾನ್‌ನ ಮೆಡಿಸಿನ್ ವಿಭಾಗದಿಂದ ಶುರು ಮಾಡಬಹುದು. ತೀರ್ಥಹಳ್ಳಿ, ಆಗುಂಬೆ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಮೊದಲಿನಿಂದಲೂ ಇದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ. ಎಲ್ಲಿಗೆ ಹೋದರೂ ಮೊದಲ ದಿನದ ಚೀಟಿಯಿಂದ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಮಳೆಯಲ್ಲಿ ಲ್ಯಾಬಿನ ಪ್ರಿಂಟ್ ಅಳಿಸಿಹೋಗುತ್ತದೆ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ.

ಮನೆಯವರ ಜೊತೆ

ನಮ್ಮ ಮನೆಯಲ್ಲಿ ಆಗ ನನ್ನ ಜಾತಕ ಎರಡು ಕಡೆ ಹೋಗಿತ್ತು. ಅತ್ತೆಯೊಬ್ಬರು, "ಮಾತುಕತೆ ಮುಗೀಲಿ, ಆಮೇಲೆ ನೋಡಿದ್ರಾಯ್ತು. ಹುಡುಗಿಗೆ ಶುಗರ್ ಅಂತ ಊರೆಲ್ಲ ಗೊತ್ತಾದ್ರೆ?" ಅಂದಿದ್ದರು. ಅವರ ಮಾತಿನಲ್ಲಿ ದ್ವೇಷ ಇರಲಿಲ್ಲ, ಹೆದರಿಕೆ ಇತ್ತು. ಎಷ್ಟೋ ಮನೆಗಳಲ್ಲಿ ಪರೀಕ್ಷೆ ಮುಂದೆ ಹೋಗುವುದು ಈ ಹೆದರಿಕೆಗೇ.

ಟೈಪ್ 1 ಆಗಿದ್ದರೆ ಅದು ಮುಹೂರ್ತ ನೋಡಿಕೊಂಡು ಕಾಯುವುದಿಲ್ಲ. ಕೆಲವೇ ವಾರಗಳಲ್ಲಿ ಐಸಿಯು ತನಕ ಒಯ್ಯಬಹುದು. ಗೊತ್ತಿಲ್ಲದೆ ಮದುವೆಯಾಗಿ, ಸಕ್ಕರೆ ಏರಿದ್ದಾಗಲೇ ಬಸುರಿಯಾದರೆ ಮೊದಲ ವಾರಗಳಲ್ಲೇ ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು. ಗೊತ್ತಿದ್ದು, ಹತೋಟಿಯಲ್ಲಿಟ್ಟುಕೊಂಡವರು ಚೆನ್ನಾಗಿರುವ ಮಕ್ಕಳನ್ನು ಹೆತ್ತಿದ್ದಾರೆ. ಅಮ್ಮ ಅತ್ತೆಗೆ ಹೇಳಿದ್ದು ಇಷ್ಟೇ: "ಮದುವೆ ಆಗೋಕೆ ಹುಡುಗಿ ಇರಬೇಕಲ್ಲ." ಮನೆಯಲ್ಲಿ ಅಂಥ ಮಾತಾಡುವವರು ಒಬ್ಬರಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಇನ್ಸುಲಿನ್ ಅಂದ ಕೂಡಲೇ "ಒಮ್ಮೆ ಶುರು ಮಾಡಿದ್ರೆ ಬಿಡೋಕಾಗಲ್ಲ, ಬೇಡ" ಅನ್ನುವವರು ಬರುತ್ತಾರೆ. ಟೈಪ್ 1 ಇದ್ದವರಿಗೆ ಅದು ಅನ್ನ ನೀರಿನಷ್ಟೇ ಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹುಡುಗನಿಗೆ ಮೊದಲು ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮೊದಲು ಇಂಥ ಮಕ್ಕಳು ಬದುಕುಳಿಯುತ್ತಿರಲಿಲ್ಲ. ಅಮೃತಬಳ್ಳಿ, ಹಾಗಲಕಾಯಿ, ಮಧುನಾಶಿನಿ ಯಾವುದನ್ನು ಕುಡಿದರೂ ಡಾಕ್ಟರಿಗೆ ಹೇಳಿ ಕುಡಿಯಿರಿ. ಅದಕ್ಕೋಸ್ಕರ ಇನ್ಸುಲಿನ್ ಒಂದು ದಿನವೂ ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್‌ನಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಇನ್ಸುಲಿನ್ ಸಿಗುತ್ತದಾ ಅಂತ ವಿಚಾರಿಸಿ, ಖರ್ಚಿನ ಭಾರ ಇಳಿಯುತ್ತದೆ.

ಶುಗರ್ ಇಲ್ಲ ಅಂತ ಬಂದರೆ

ಸಕ್ಕರೆ ಸರಿ ಇದ್ದೂ ತೂಕ ಇಳಿಯುತ್ತಿದ್ದರೆ ಹುಡುಕಾಟ ನಿಲ್ಲಿಸಬೇಡಿ. ಥೈರಾಯ್ಡ್ ಜಾಸ್ತಿಯಾದರೂ ಮೈ ಇಳಿಯುತ್ತದೆ, ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಟಿಬಿ ಮತ್ತು ಶುಗರ್ ಜೊತೆಜೊತೆಗೂ ಬರುತ್ತವೆ. ಸಕ್ಕರೆ ಸರಿ ಇದ್ದೂ ಕೊಡಗಟ್ಟಲೆ ನೀರು ಕುಡಿದು ನೀರಿನಷ್ಟೇ ತಿಳಿಯಾದ ಮೂತ್ರ ಹೋಗುತ್ತಿದ್ದರೆ ಅದು ಬೇರೆ ಹಾರ್ಮೋನಿನ ತೊಂದರೆ ಇರಬಹುದು, ತಜ್ಞರಿಗೆ ತೋರಿಸಿ.

ಗಡಿಯಲ್ಲಿ ಬಂದವರು ಮರುಪರೀಕ್ಷೆ ಯಾವಾಗ ಅಂತ ಕೇಳಿ ತಾರೀಖು ಬರೆಸಿಕೊಳ್ಳಿ. ಆ ತಾರೀಖಿಗೆ ಮೊದಲೇ ಬಾಯಾರಿಕೆ, ರಾತ್ರಿ ಏಳುವುದು ಶುರುವಾದರೆ ಕಾಯದೆ ಅವತ್ತೇ ಹೋಗಿ ಬೆರಳು ಚುಚ್ಚಿಸಿಕೊಳ್ಳಿ. ಹೋಗುವಾಗ ಆ ಹಳೆಯ ಹಾಳೆ ಜೊತೆಗಿರಲಿ, ಹೊಸ ತೂಕವನ್ನು ಹಳೆಯದರ ಕೆಳಗೇ ಬರೆಯಿರಿ.